ಏಳೂವರೆಯ ಮಗಳು

ಖಂಡಪ್ಪನ ಬಾಯಿಂದ ಆ ಮಾತು ಜಾರಿದ್ದು ಬುಧವಾರ ಸಂಜೆ ಏಳು ಗಂಟೆ ನಲವತ್ತು ನಿಮಿಷಕ್ಕೆ, ಟಿವಿಯಲ್ಲಿ ಸೋಪಿನ ಜಾಹೀರಾತು ಬರಲು ಇನ್ನೊಂದೇ ನಿಮಿಷ ಇರುವಾಗ. ಆ ಒಂದು ನಿಮಿಷ ಅವನು ತಡೆದುಕೊಂಡಿದ್ದರೆ ರಂಗಂಪೇಟೆಯ ಗುರುವಾರ ಎಂದಿನ ಗುರುವಾರದಂತೆಯೇ ಕಳೆದುಹೋಗುತ್ತಿತ್ತು.

ಖಂಡಪ್ಪ ಸುರಪುರದ ಒಂದು ಸರಕಾರಿ ಕಚೇರಿಯ ಗುಮಾಸ್ತ, ಮನೆ ಊರಿಗೆ ಅಂಟಿಕೊಂಡ ರಂಗಂಪೇಟೆಯಲ್ಲಿ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಯಾರ ಮುಂದೆಯೂ ದನಿ ಎತ್ತಿದವನಲ್ಲ. ಆದರೆ ಏಳೂವರೆಗೆ ಧಾರಾವಾಹಿ ಶುರುವಾಯಿತೆಂದರೆ ಅವನು ಬೇರೆಯೇ ಮನುಷ್ಯ. ಅದರ ನಾಯಕಿ ಸುನಯನಾ ಎಂದರೆ ಅವನಿಗೆ ಪ್ರಾಣ. ತಂದೆ ತಾಯಿ ಇಲ್ಲದ ಹುಡುಗಿ, ದೊಡ್ಡವರ ಮನೆಗೆ ಸೊಸೆಯಾಗಿ ಹೋಗಿದ್ದಳು. ಅತ್ತೆ ರಾಜೇಶ್ವರಿ ದಿನಕ್ಕೊಂದು ಬಗೆಯಲ್ಲಿ ಕಾಡುತ್ತಿದ್ದರೂ ಒಂದು ದಿನವೂ ಎದುರಾಡಿದವಳಲ್ಲ. ಅವಳನ್ನು ನೋಡಿದಾಗಲೆಲ್ಲ ಖಂಡಪ್ಪನಿಗೆ ಕಚೇರಿಯಲ್ಲಿ ತಾನಿರುವ ರೀತಿಯೇ ನೆನಪಾಗುತ್ತಿತ್ತು.

ಇನ್ನೊಂದು ಕಾರಣವೂ ಇತ್ತು. ಖಂಡಪ್ಪನಿಗೆ ಇಬ್ಬರೂ ಗಂಡುಮಕ್ಕಳು. ಬಸುರಿ ಮಗಳಿಗೆ ತವರಿನವರು ಮಾಡುವ ಸೀಮಂತಕ್ಕೆ ಆ ಕಡೆ ಕುಬಸ ಎನ್ನುತ್ತಾರೆ. ಇಬ್ಬರು ಸೊಸೆಯರ ಕುಬಸಕ್ಕೂ ಅವರವರ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುಟ್ಟಿ ತುಂಬ ಹೋಳಿಗೆ ಹೊತ್ತು ತಂದಾಗ ಖಂಡಪ್ಪ ಗಂಡಿನ ಕಡೆಯವನಾಗಿ ಚಾಪೆಯ ಮೇಲೆ ಕುಳಿತು ಉಂಡಿದ್ದ. ತಾನೇ ಬುಟ್ಟಿ ಹೊತ್ತು ಮಗಳ ಮನೆಯ ಹೊಸ್ತಿಲು ದಾಟುವ ಯೋಗ ಅವನಿಗೆ ಬರಲೇ ಇಲ್ಲ. ಆ ಕೊರಗನ್ನು ಹೆಂಡತಿ ಕರೆಮ್ಮನಿಗೂ ಅವನು ಹೇಳಿರಲಿಲ್ಲ.

ಬುಧವಾರದ ಕಂತಿನಲ್ಲಿ ಸುನಯನಾಳಿಗೆ ಏಳು ತಿಂಗಳು ತುಂಬಿತು. ಧಾರಾವಾಹಿಯ ಲೆಕ್ಕದಲ್ಲಿ ಆ ಏಳು ತಿಂಗಳಿಗೆ ಒಂದೂವರೆ ವರ್ಷ ಹಿಡಿದಿತ್ತು. ಮನೆಯವರು ಸೀಮಂತದ ಮಾತೆತ್ತಿದಾಗ ರಾಜೇಶ್ವರಿ ಕೊಂಕು ನಗೆ ನಕ್ಕು, “ತವರುಮನೆಯೇ ಇಲ್ಲದವಳಿಗೆ ಎಂಥ ಸೀಮಂತ? ಹಸಿರು ಸೀರೆ ಯಾರು ತರ್ತಾರೆ?” ಎಂದಳು. ಸುನಯನಾಳ ಕಣ್ಣಿಂದ ಒಂದೇ ಒಂದು ಹನಿ ನಿಧಾನವಾಗಿ ಕೆನ್ನೆಗಿಳಿಯಿತು.

ಖಂಡಪ್ಪ ಎದ್ದು ನಿಂತುಬಿಟ್ಟ. “ಯಾಕ, ನಾವೇನ್ ಸತ್ತೀವೇನು? ಆಕಿ ತವರಮನಿ ಇದ! ನಾ ತರ್ತೀನಿ ಹಸರ ಸೀರಿ!”

ಕರೆಮ್ಮ ಒಬ್ಬಳೇ ಇದ್ದಿದ್ದರೆ ಆ ಮಾತು ಅಲ್ಲೇ ತಣ್ಣಗಾಗುತ್ತಿತ್ತು. ಆದರೆ ಪಕ್ಕದ ಮನೆಯ ದೇವಕಮ್ಮನೂ ಅಲ್ಲೇ ಕುಳಿತಿದ್ದಳು. ಅವಳ ಮನೆಯಲ್ಲಿಯೂ ಟಿವಿ ಇತ್ತು. ಒಬ್ಬಳೇ ಕುಳಿತು ರಾಜೇಶ್ವರಿಯನ್ನು ಬೈಯುವುದರಲ್ಲಿ ಸುಖವಿಲ್ಲವೆಂದು ಇಲ್ಲಿಗೆ ಬರುತ್ತಿದ್ದಳು.

“ಖರೇನ ಅಂದಿ ನೋಡು ಖಂಡಪ್ಪ,” ಎಂದು ಅವಳೂ ಎದ್ದಳು. “ನಾಳಿಗೇ ಯಾದಗಿರಿದಾಗ ಹೊಸ ಸೀರಿ ಅಂಗಡಿ ತೆರೀತಾರ. ಈ ಧಾರಾವಾಹಿಯವರೇ ಬರ್ತಾರಂತ. ಬೋರ್ಡಿನ ಮ್ಯಾಲ ಸುನಯನಾಂದು ಇಷ್ಟ ದೊಡ್ಡ ಫೋಟೋ ಅದ. ಅಲ್ಲೇ ಕುಬಸ ಮಾಡಿಬಿಡೂಣು.”

“ಅಲ್ಲ ದೇವಕಮ್ಮ, ನಾ ಸಿಟ್ಟಿನಾಗ ಅಂದೆ...” ಎಂದು ಖಂಡಪ್ಪ ಶುರುಮಾಡಿದ. ಅಷ್ಟರಲ್ಲಿ ದೇವಕಮ್ಮ ಚಪ್ಪಲಿ ಮೆಟ್ಟಿ ಹೊರಗಿದ್ದಳು. ಸೋಪಿನ ಜಾಹೀರಾತು ಮುಗಿಯುವ ಮೊದಲೇ ಸುದ್ದಿ ಓಣಿಯ ಆ ತುದಿ ಮುಟ್ಟಿತ್ತು.

ಗುರುವಾರ ಬೆಳಿಗ್ಗೆ ಖಂಡಪ್ಪ ಎದ್ದದ್ದೇ ಹುರಿದ ಶೇಂಗಾ ಮತ್ತು ಬೆಲ್ಲದ ವಾಸನೆಗೆ. ಮೂರು ಮನೆಯ ಒಲೆಗಳ ಮೇಲೆ ಹೋಳಿಗೆ ಬೇಯುತ್ತಿತ್ತು. ಸಜ್ಜೆರೊಟ್ಟಿ, ಎಣ್ಣೆಗಾಯಿ, ಚಿತ್ರಾನ್ನ, ಒಂದು ದೊಡ್ಡ ಡಬರಿ ಮೊಸರನ್ನ ಸಾಲಾಗಿ ನಿಂತಿದ್ದವು. ಬಳೆ ಮಾರುವ ಕುಬ್ರಾಬೇಗಂ ಎರಡು ಡಜನ್ ಹಸಿರು ಬಳೆ ಆರಿಸಿ ಹೊಸ ಕಾಗದದಲ್ಲಿ ಸುತ್ತಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು.

ಇದನ್ನೆಲ್ಲ ನಿಲ್ಲಿಸಬೇಕೆಂದೇ ಖಂಡಪ್ಪ ಒಳಗೆ ಹೋದ. ಕರೆಮ್ಮ ಟ್ರಂಕಿನ ಮುಂದೆ ಕುಳಿತು ಒಂದು ಹಸಿರು ಸೀರೆಯ ಮಡಿಕೆ ಬಿಡಿಸುತ್ತಿದ್ದಳು. ಮಡಿಕೆಯಲ್ಲಿ ಬೇವಿನ ಎಲೆ ಪುಡಿಪುಡಿಯಾಗಿತ್ತು.

“ನನ್ನ ಚೊಚ್ಚಲ ಕುಬಸಕ್ಕ ನಮ್ಮವ್ವ ಉಡಿಸಿದ್ದು ಇದರಿ,” ಎಂದಳು ಅವಳು, ತಲೆ ಎತ್ತದೆ. “ಮಗಳು ಹುಟ್ಟಿದ್ರ ಆಕಿಗೆ ಅಂತ ಇಟ್ಟಿದ್ದೆ. ಎರಡೂ ಸಲ ಗಂಡೇ ಆದವು.”

ಕೊರಗು ತನ್ನೊಬ್ಬನದೇ ಎಂದು ಖಂಡಪ್ಪ ಇಷ್ಟು ದಿನ ತಿಳಿದಿದ್ದ. ಹೊರಗೆ ಬಂದು, ಕಾಗದ ತೆಗೆದುಕೊಂಡು, ಒಂದು ದಿನದ ರಜೆಗೆ ಅರ್ಜಿ ಬರೆದ. ಬೇರೆಯವರಾದರೆ ಹೊಟ್ಟೆನೋವು ಎಂದು ಬರೆಯುತ್ತಿದ್ದರು. ಖಂಡಪ್ಪ ಕಚೇರಿಯ ಕಾಗದದಲ್ಲಿ ಸುಳ್ಳು ಬರೆದವನಲ್ಲ. “ಕಾರಣ: ಮಗಳ ಕುಬಸ” ಎಂದು ದುಂಡಗೆ ಬರೆದು, ಕೆಳಗೆ ಎಂದಿಗಿಂತ ದೊಡ್ಡದಾಗಿ ಸಹಿ ಮಾಡಿ, ಕಚೇರಿಗೆ ಹೊರಟಿದ್ದ ಜವಾನನ ಕೈಗೆ ಕೊಟ್ಟು ಕಳಿಸಿದ.

ಗಾಡಿಯ ಜವಾಬ್ದಾರಿ ಕುಬ್ರಾಬೇಗಂಳ ಮಗ ವಹಾಬನದು. ಅವನ ಮೂರು ಗಾಲಿಯ ಟಂಟಂ ಹಿಂದೆ ಉಲ್ಕಾವೀರನ ಚಿತ್ರವಿತ್ತು. ಉಲ್ಕಾವೀರ ಎಂದರೆ ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಆಕಾಶದಿಂದ ಇಳಿದು ದುಷ್ಟರನ್ನು ಹೊಡೆದು ಹಾಕುವ ವೀರ. ಮೈಗೆ ನೀಲಿ ಅಂಗಿ, ಎದೆಯ ಮೇಲೆ ಕೆಂಪು ಉಲ್ಕೆ, ಬೆನ್ನಿಗೆ ಹಾರಾಡುವ ವಸ್ತ್ರ. ಟಿವಿಯಲ್ಲಿ ಅವನಿಗೆ ಮೀಸೆಯಿಲ್ಲ. ಮೀಸೆಯಿಲ್ಲದ ವೀರನನ್ನು ಬರೆಯಲು ರಂಗಂಪೇಟೆಯ ಪೇಂಟರ್ ಒಪ್ಪದ್ದರಿಂದ ಟಂಟಂ ಹಿಂದೆ ಮಾತ್ರ ಎರಡು ಬೆರಳು ದಪ್ಪದ ಮೀಸೆ ಇತ್ತು. ವಹಾಬನಿಗೆ ಮೂವತ್ತೆರಡು ವರ್ಷ, ಇಬ್ಬರು ಮಕ್ಕಳು. ಆದರೂ ಗಾಡಿ ಓಡಿಸುವಾಗ ಕೊರಳಿಗೆ ನೀಲಿ ಟವೆಲ್ ಕಟ್ಟಿಕೊಂಡೇ ಕೂರುತ್ತಿದ್ದ.

“ಕಾಕಾ, ನಿಮ್ ಸುನಯನಾ ಬರೇ ಅಳತಾಳ,” ಎಂದ ವಹಾಬ ಗಾಡಿ ಚಾಲೂ ಮಾಡುತ್ತ. “ನಮ್ ಉಲ್ಕಾವೀರ ಆಗಿದ್ರ ಒಂದ ಗುದ್ದಿಗೆ ಅತ್ತಿ ಖಲ್ಲಾಸ್.”

“ಅತ್ತಿನ್ನ ಗುದ್ದೋದು ಸಂಸಾರಸ್ಥರ ಲಕ್ಷಣ ಅಲ್ಲೋ,” ಎಂದ ಖಂಡಪ್ಪ ಗಂಭೀರವಾಗಿ.

ದೇವಕಮ್ಮನಿಗೆ ಮಾತ್ರ ಗುದ್ದುವ ವಿಚಾರ ಸರಿಯೆನಿಸಿತು. “ಆ ರಾಜೇಶ್ವರಿ ಏನಾರ ನನ್ನ ಕೈಯಾಗ ಸಿಗಬೇಕು, ಶಿರವಾಳದಾಗ ಹುಟ್ಟಿದ ಹೆಣ್ಣಮಗಳು ಅಂದ್ರ ಯಾರು ಅಂತ ತೋರಸ್ತೀನಿ,” ಎಂದು ದಾರಿಯುದ್ದಕ್ಕೂ ಬೈಗುಳಗಳನ್ನು ಒಂದೊಂದಾಗಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದಳು. ಅವಳ ತೊಡೆಯ ಮೇಲಿದ್ದ ಚೀಲದಲ್ಲಿ ಒಂದು ಹೊಸ ಇಳಕಲ್ ಸೀರೆಯಿತ್ತು. ಯಾದಗಿರಿ ಮುಟ್ಟಿದ ಮೇಲೆ ಉಟ್ಟುಕೊಂಡು ಸುನಯನಾಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವುದು ಅವಳ ಲೆಕ್ಕ.

ಶಹಾಪುರ ಇನ್ನೂ ಎರಡು ಮೈಲಿ ಇರುವಾಗ ಗಾಡಿ ಒಂದು ಕಡೆಗೆ ವಾಲಿತು. ಪಂಕ್ಚರ್. ವಹಾಬನ ಹತ್ತಿರ ಇನ್ನೊಂದು ಗಾಲಿ ಇತ್ತು, ಜಾಕ್ ಇರಲಿಲ್ಲ. “ಉಲ್ಕಾವೀರ ಲಾರಿನೇ ಒಂದ ಕೈಲೆ ಎತ್ತತಾನ ಕಾಕಾ. ನೀವು ನಮ್ ಗಾಡಿ ಎರಡ ಕೈಲೆ ಹಿಡಿದ್ರ ಸಾಕು,” ಎಂದ.

ಹೆಂಗಸರು ಇಳಿದರು, ಬುಟ್ಟಿಗಳು ಗಾಡಿಯಲ್ಲೇ ಉಳಿದವು. ಖಂಡಪ್ಪ ಉಸಿರು ಬಿಗಿಹಿಡಿದು ಗಾಡಿಯನ್ನು ಒಂದು ಗೇಣು ಎತ್ತಿದ್ದೇ ತಡ, ಒಳಗಿದ್ದ ಡಬರಿ ಜಾರಿ, ಅದರ ಅರ್ಧ ಮೊಸರನ್ನ ಅವನ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಇಳಿಯಿತು. ಸರಿಯಾಗಿ ಆಗಲೇ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಕರೆಮ್ಮ ತೆಗೆದು ಗಂಡನ ಕಿವಿಗೆ ಹಿಡಿದಳು. ಕಚೇರಿಯ ಶಿರಸ್ತೇದಾರ ಸಂಗಮನಾಥರು.

“ಏನೋ ಖಂಡಪ್ಪ, ನಿನಗ ಮಗಳು ಯಾವಾಗ ಹುಟ್ಟಿದ್ಲೋ?”

“ಸಾಹೇಬ್ರ, ಅದು... ಸುನಯನಾ ರೀ.”

“ಏಳೂವರಿ ಸುನಯನಾನೇನು?”

“ಹೌದ್ರಿ ಸಾಹೇಬ್ರ.” ಗಾಡಿಯ ಭಾರಕ್ಕೆ ಖಂಡಪ್ಪನ ಕುತ್ತಿಗೆಯ ನರ ಉಬ್ಬಿತ್ತು.

“ನಮ್ಮ ಮನ್ಯಾಗೂ ನೋಡ್ತಾರ,” ಎಂದರು ಸಂಗಮನಾಥರು, ದನಿ ತಗ್ಗಿಸಿ. “ಅತ್ತಿ ಮಾತು ಕೇಳಿ ನನಗೂ ರಾತ್ರಿ ಊಟ ಸೇರಲಿಲ್ಲ. ಆತು, ಹೋಗಿ ಬಾ. ಸಂಜೀಕ ವಿಚಾರ ಮಾಡಿ ಸಹಿ ಹಾಕ್ತೀನಿ.”

ಯಾದಗಿರಿಯ ಹೊಸ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಶಾಮಿಯಾನ, ಬಲೂನು, ವೇದಿಕೆ, ಕಿವಿ ಹರಿಯುವ ಹಾಡು. ಖಂಡಪ್ಪನ ಬಳಗ ಬುಟ್ಟಿಗಳನ್ನು ತಲೆಯ ಮೇಲಿಟ್ಟುಕೊಂಡು ಗದ್ದಲದ ಅಂಚಿನಲ್ಲಿ ನಿಂತಿತು. ಅಷ್ಟರಲ್ಲಿ ಮೈಕಿನವನು ಕೂಗಿದ:

“ಸುನಯನಾ ಅವರು ಚಿತ್ರೀಕರಣದಲ್ಲಿ ಇರೋದರಿಂದ ಬರಲಿಕ್ಕೆ ಆಗಿಲ್ಲ. ಆದರೆ ನಿಮಗೋಸ್ಕರ ಬಂದಿದ್ದಾರೆ, ಅತ್ತೆ ರಾಜೇಶ್ವರಿ ಪಾತ್ರದ ನಾಗರತ್ನಾ ಮೇಡಂ!”

ವೇದಿಕೆಯ ಮೇಲೆ ದೊಡ್ಡ ಕುಂಕುಮ ಇಟ್ಟುಕೊಂಡ, ದುಂಡು ಮುಖದ ಐವತ್ತರ ಹೆಂಗಸೊಬ್ಬಳು ಕೈಮುಗಿದಳು. ಜನ ಚಪ್ಪಾಳೆ ತಟ್ಟಲಿಲ್ಲ. ಹಿಂದಿನಿಂದ ಯಾರೋ “ಸೊಸಿಗೆ ಕಾಡ್ತೀಯಲ್ಲ, ನಾಚಿಕಿ ಇಲ್ಲೇನು!” ಎಂದು ಕೂಗಿದರು. ಅವಳ ನಗು ಅಭ್ಯಾಸವಾದವರ ನಗುವಿನ ಹಾಗೆ ಹಾಗೆಯೇ ಉಳಿಯಿತು.

ಕರೆಮ್ಮನ ತಲೆಯ ಮೇಲಿನ ಬುಟ್ಟಿ ಅಲುಗಾಡಿತು. “ಬಂದಿಲ್ಲಂತರಿ ನಮ್ಮ ಹುಡುಗಿ,” ಎಂದಳು ಸಣ್ಣಗೆ. ದೇವಕಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಯಾಗಿತ್ತು. “ಬರಬೇಕಾದಾಕಿನೇ ಬಂದಾಳ. ಬಿಡ್ರಿ ದಾರಿ!”

ವಹಾಬ ನೀಲಿ ಟವೆಲ್ ಹಾರಾಡಿಸುತ್ತ ಮುಂದೆ ನುಗ್ಗಿದ. “ಸರೀರಿ, ಸರೀರಿ! ಸುನಯನಾನ ತವರಮನಿಯವರು ಬರಾಕತ್ತಾರ!” ಆ ಮಾತಿಗೆ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಏನಾಗುತ್ತಿದೆ ಎಂದು ಅಂಗಡಿಯವರಿಗೆ ತಿಳಿಯುವ ಮೊದಲೇ ಐದೂ ಜನ ವೇದಿಕೆಯ ಮೇಲಿದ್ದರು.

ದೇವಕಮ್ಮ ನಾಗರತ್ನಾಳ ಎದುರು ನಿಂತು, ಸುರಪುರದಿಂದ ರೂಢಿ ಮಾಡಿಕೊಂಡು ಬಂದದ್ದರಲ್ಲಿ ಎಲ್ಲಕ್ಕಿಂತ ಖಾರವಾದ ಬೈಗುಳಕ್ಕೆ ಬಾಯಿ ತೆರೆದಳು. ಹಿಂದಿನಿಂದ ಕುಬ್ರಾಬೇಗಂ ಅವಳ ಮೊಳಕೈ ಹಿಡಿದು ಜಗ್ಗಿದಳು.

“ದೇವಕ್ಕಾ, ನಾವು ಹೆಣ್ಣಿನ ಕಡಿಯವರು. ಈಕಿ ಬೀಗತಿ ಆಗ್ತಾಳ. ಬೀಗತಿ ಮುಂದ ಹಿಂಗ ನಿಂದ್ರತಾರೇನು?”

ದೇವಕಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಇದನ್ನು ಯಾರೂ ಯೋಚಿಸಿರಲಿಲ್ಲ. ಮಗಳ ತವರು ಎಂದು ಹೇಳಿಕೊಂಡು ಬಂದಾಗಿದೆ. ಇನ್ನು ಬೀಗತಿಯನ್ನು ಬೈದರೆ ಅದರ ಫಲ ಉಣ್ಣುವವಳು ಮಗಳೇ. ಹೆಣ್ಣಿನ ಕಡೆಯವರು ಮೊದಲು ಬೀಗತಿಗೆ ಸೀರೆ ಉಡಿಸಿ, ಊಟ ಬಡಿಸಿ, ಕೈಮುಗಿದು, ಆಮೇಲೆ ಮಗಳ ಮುಖ ನೋಡಬೇಕು. ರಂಗಂಪೇಟೆಯಲ್ಲಿ ಇದು ಯಾರೂ ಯಾರಿಗೂ ಕಲಿಸಬೇಕಾದ ಸಂಗತಿಯಲ್ಲ.

ಆದರೆ ತಂದಿದ್ದದ್ದು ಒಂದೇ ಸೀರೆ, ಅದು ಸುನಯನಾಳದು. ಎದುರಿಗೆ ಅಂಗಡಿಯ ತುಂಬ ಸೀರೆಗಳಿದ್ದವು, ಆದರೆ ಉದ್ಘಾಟನೆಯ ರಿಬ್ಬನ್ ಇನ್ನೂ ಕತ್ತರಿಸಿರಲಿಲ್ಲ. ಕರೆಮ್ಮ, ಕುಬ್ರಾಬೇಗಂ, ಖಂಡಪ್ಪ ಮೂವರೂ ದೇವಕಮ್ಮನ ಚೀಲದ ಕಡೆ ನೋಡಿದರು. ದೇವಕಮ್ಮ ಚೀಲವನ್ನು ಎದೆಗೆ ಅವುಚಿಕೊಂಡಳು. ಆಮೇಲೆ ನಿಟ್ಟುಸಿರು ಬಿಟ್ಟು ಹೊಸ ಇಳಕಲ್ ಸೀರೆಯನ್ನು ತೆಗೆದು, ತಾನು ಎರಡು ವರ್ಷದಿಂದ ದಿನಾ ಶಪಿಸುತ್ತಿದ್ದ ಹೆಂಗಸಿನ ಉಡಿಗೆ ಹಾಕಿ, “ತಗೋರಿ ಬೀಗರ, ಸಣ್ಣದು ಅನ್ನಬ್ಯಾಡ್ರಿ,” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅದು ಭಕ್ತಿಯ ನೀರೆಂದು ಜನ ತಿಳಿದುಕೊಂಡರು.

ಮೈಕಿನವನು ಏನೂ ತೋಚದೆ ಮೈಕನ್ನು ಖಂಡಪ್ಪನ ಬಾಯಿಗೆ ಹಿಡಿದ. ಮೊಸರಿನ ಕಲೆಯ ಅಂಗಿಯಲ್ಲಿ ನಿಂತಿದ್ದ ಖಂಡಪ್ಪ ಮೈಕಿನ ಹತ್ತಿರ ಬಾಯಿ ತಂದು ದನಿ ಎತ್ತಿದ.

“ಬೀಗರ, ನಿನ್ನಿ ನೀವು ನಮ್ಮ ಹುಡುಗಿಗೆ ತವರಮನಿ ಇಲ್ಲ ಅಂದ್ರಿ. ಅದ ರೀ. ರಂಗಂಪೇಟ್ಯಾಗ ಅದ. ದೊಡ್ಡ ಮನಿ ಅಲ್ಲ, ಎರಡ ಖೋಲಿದು. ಆದ್ರ ಹಸರ ಸೀರಿ ಅದ, ಬಳಿ ಅವ, ಬುಟ್ಟಿ ತುಂಬ ಹೋಳಿಗಿ ಅವ. ಇನ್ನಮ್ಯಾಲೆ ಆಕಿಗೆ ಯಾರೂ ಇಲ್ಲ ಅಂತ ಅನಬ್ಯಾಡ್ರಿ. ಆಕಿ ನನ್ನ ಮಗಳು.”

ಜನ ಸೀಟಿ ಹೊಡೆದರು. ಅಂಗಡಿಯ ಪೇಟ ಸುತ್ತಿದ ದ್ವಾರಪಾಲಕನೂ ಕಣ್ಣೊರೆಸಿಕೊಂಡ. ಖಂಡಪ್ಪನಿಗೆ ತನ್ನ ದನಿ ಇಷ್ಟು ದೂರ ಹೋಗುತ್ತದೆಂದು ಐವತ್ತೈದು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಎದೆ ಉಬ್ಬಿ ಅಂಗಿಯ ಒಂದು ಗುಂಡಿ ಬಿಚ್ಚಿಕೊಂಡಿತು.

ನಾಗರತ್ನಾ ವೇದಿಕೆಯ ಮೇಲೇ ಚಕ್ಕಳಮಕ್ಕಳ ಹಾಕಿ ಕುಳಿತು ಎರಡು ಹೋಳಿಗೆ, ಒಂದು ರೊಟ್ಟಿ, ಉಳಿದರ್ಧ ಮೊಸರನ್ನ ಉಂಡಳು. ಕುಬ್ರಾಬೇಗಂ ಅವಳ ಕೈಗೂ ಆರಾರು ಬಳೆ ಇಟ್ಟಳು. “ಎರಡು ವರ್ಷದಿಂದ ಎಲ್ಲಿ ಹೋದರೂ ಜನ ಬೈತಾರೆ,” ಎಂದಳು ನಾಗರತ್ನಾ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. “ಒಬ್ಬರು ತರಕಾರಿ ಕೊಡಲ್ಲ ಅಂದ್ರು. ಬೀಗರೇ ಅಂತ ಕರೆದು ಊಟ ಹಾಕಿದವರು ನೀವೇ ಮೊದಲು.”

ಕರೆಮ್ಮ ಹಸಿರು ಸೀರೆಯನ್ನು ಎರಡೂ ಕೈಯಲ್ಲಿ ಕೊಟ್ಟು, “ಸೊಸಿಗೆ ಮುಟ್ಟಸ್ರಿ,” ಎಂದಳು. ನಾಗರತ್ನಾ ಸೀರೆಯನ್ನು ನೋಡಿದಳು, ಕರೆಮ್ಮನ ಮುಖ ನೋಡಿದಳು, ಏನೋ ಹೇಳಲು ಹೋಗಿ ತಡೆದಳು. “ಖಂಡಿತ ಕೊಡ್ತೀನಿ. ಆದ್ರೆ... ಕಥೆ ಹೊರಗೆ ಹೇಳೋ ಹಾಗಿಲ್ಲ ನಾವು. ಇವತ್ತಿನ ಕಂತು ಮಾತ್ರ ತಪ್ಪದೆ ನೋಡಿ.” ಹೊರಡುವ ಮುಂಚೆ ಬೀಗರ ಫೋನ್ ನಂಬರನ್ನೂ ಬರೆದುಕೊಂಡಳು.

ವಾಪಸು ಬರುವಾಗ ಟಂಟಂನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಇವತ್ತಿನಿಂದ ಅತ್ತೆ ಬದಲಾಗುತ್ತಾಳೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಇಲ್ಲದಿದ್ದರೆ ತಪ್ಪದೆ ನೋಡಿ ಎಂದು ಯಾಕೆ ಹೇಳುತ್ತಿದ್ದಳು? ವಹಾಬ ಕೂಡ, “ಕಾಕಾ, ಇವತ್ತ ನೀವೇ ಉಲ್ಕಾವೀರ,” ಎಂದು ತನ್ನ ನೀಲಿ ಟವೆಲ್ ಬಿಚ್ಚಿ ಖಂಡಪ್ಪನ ಕೊರಳಿಗೆ ಕಟ್ಟಿದ. ಖಂಡಪ್ಪ ಬೇಡ ಎನ್ನಲಿಲ್ಲ. ಶಹಾಪುರದ ಪೇಟೆಯಲ್ಲಿ ಅದು ಗಾಳಿಗೆ ಚೆನ್ನಾಗಿಯೇ ಹಾರಿತು.

ಸಂಜೆ ಏಳೂವರೆಗೆ ಖಂಡಪ್ಪನ ಮನೆಯಲ್ಲಿ ಓಣಿಗೆ ಓಣಿಯೇ ಸೇರಿತ್ತು. ಒಳಗೆ ಹಿಡಿಸದವರು ಕಿಟಕಿಗೆ ನಿಂತರು. ತಂದೆಯೆಂದು ಖಂಡಪ್ಪನಿಗೆ ಎಲ್ಲರಿಗಿಂತ ಮುಂದೆ ಕುರ್ಚಿ.

ಟಿವಿಯಲ್ಲಿ ರಾಜೇಶ್ವರಿ ನಿಜಕ್ಕೂ ಬದಲಾಗಿದ್ದಳು. “ತವರು ಇಲ್ಲದಿದ್ದರೇನು, ನಿನಗೆ ನಾನೇ ತಾಯಿ,” ಎಂದು ಸುನಯನಾಳಿಗೆ ಸೀರೆ ಉಡಿಸಲು ಬಂದಳು. ಓಣಿಯವರು ಚಪ್ಪಾಳೆ ತಟ್ಟಿದರು. ಸುನಯನಾ ಯಾಕೋ ಹಿಂದೆ ಹಿಂದೆ ಸರಿದಳು. ಅತ್ತೆ ಪ್ರೀತಿಯಿಂದ ಸೆರಗು ಹಿಡಿದಳು. ಸೀರೆಯೊಳಗೆ ಹೊಟ್ಟೆಗೆ ಕಟ್ಟಿಕೊಂಡಿದ್ದ ಒಂದು ದಿಂಬು ಜಾರಿ, ಕ್ಯಾಮೆರಾ ಬೇರೆ ಬೇರೆ ಕಡೆಯಿಂದ ತೋರಿಸಿದಂತೆಲ್ಲ, ಮೂರು ಸಲ ನೆಲಕ್ಕೆ ಬಿತ್ತು.

ರಾಜೇಶ್ವರಿ ಕುಸಿದು ಕುಳಿತು ಅತ್ತಳು. ಸುನಯನಾ ತಲೆ ತಗ್ಗಿಸಿ ನಿಂತಳು. ಅಲ್ಲಿಗೆ ಕಂತು ಮುಗಿಯಿತು.

ಮೊದಲು ಮಾತಾಡಿದವಳು ದೇವಕಮ್ಮ.

“ಏನ್ ಮಗಳೋ ಖಂಡಪ್ಪ ನಿಂದು! ಪಾಪ, ಆ ಬೀಗತಿ ಎಷ್ಟ ಅತ್ಲು ನೋಡು. ನನ್ನ ಇಳಕಲ್ ಸೀರಿ ಯೋಗ್ಯರ ಮನಿಗೇ ಹೋತು, ನಿಮ್ಮ ಹಸರ ಸೀರಿನೇ ಹಾಳಾತು. ತವರಿನವರು ಬರಾಬರ್ ಬುದ್ಧಿ ಹೇಳಿದ್ರ ಹುಡುಗಿ ಹಿಂಗ ಮಾಡ್ತಿತ್ತೇನು?”

“ಓಣಿ ಇಜ್ಜತ್ ಹೋತು,” ಎಂದಿತು ಕಿಟಕಿ.

“ಅದಕ್ಕ ನಾ ಅಂದೆ,” ಎಂದು ವಹಾಬ ಟವೆಲ್ಲನ್ನು ಮೆಲ್ಲಗೆ ಖಂಡಪ್ಪನ ಕೊರಳಿಂದ ಬಿಚ್ಚಿಕೊಂಡ. “ಉಲ್ಕಾವೀರಗ ಸಂಸಾರನೇ ಇಲ್ಲ ಕಾಕಾ. ಅದಕ್ಕ ಅವ ಆರಾಮ ಹಾರಾಡ್ತಾನ.”

ಖಂಡಪ್ಪ ಉತ್ತರಿಸುವ ಮೊದಲೇ ಫೋನು ಬಂತು. ಸಂಗಮನಾಥರು.

“ಖಂಡಪ್ಪ, ನಾನೂ ಟಿವಿ ಮುಂದೇ ಕುಂತೀನಿ. ದಿಂಬಿನ ಕುಬಸಕ್ಕ ರಜಾ ಕೊಡಬೇಕಂತ ಯಾವ ಪುಸ್ತಕದಾಗ ಬರದದ ಹೇಳು. ಸಹಿ ಹಾಕಾಕ ಬರಂಗಿಲ್ಲಪಾ. ಇವತ್ತಿಂದು ಗೈರುಹಾಜರಿ.”

ಇಪ್ಪತ್ತೆಂಟು ವರ್ಷದಲ್ಲಿ ಅದು ಖಂಡಪ್ಪನ ಮೊದಲ ಗೈರುಹಾಜರಿ. ಅವನು ಕುರ್ಚಿಯಿಂದ ಏಳಲೂ ಇಲ್ಲ. ಹೆಂಡತಿಯ ಟ್ರಂಕಿನಲ್ಲಿ ಮೂವತ್ತು ವರ್ಷ ಮಲಗಿದ್ದ ಸೀರೆಯನ್ನು ದಿಂಬಿಗೆ ಉಡಿಸಿ ಬಂದಂತಾಯಿತಲ್ಲ ಎಂದು ಅವನಿಗೆ ಅನ್ನಿಸಿತು. ಕರೆಮ್ಮನ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ಆದರೆ ಕರೆಮ್ಮ ಎದ್ದು ನಿಂತಿದ್ದಳು. “ಸಾಕು ಮಾಡ್ರಿ ಎಲ್ಲಾರೂ. ಅಂಥಾ ಹುಡುಗಿ ಇಂಥಾ ಸುಳ್ಳು ಹೇಳ್ಯಾಳಂದ್ರ ಆಕಿಗೆ ಏನ್ ಕಷ್ಟ ಬಂದಿತ್ತೋ ಏನೋ. ಆಕಿನ್ನ ಕೇಳಿರೇನು ನೀವು?”

ಮತ್ತೆ ಫೋನು. ಈ ಸಲ ಗೊತ್ತಿಲ್ಲದ ನಂಬರು. ಗಾಬರಿಯಲ್ಲಿ ಖಂಡಪ್ಪನ ಹೆಬ್ಬೆರಳು ಎಲ್ಲಿಗೋ ತಾಗಿ ದನಿ ಇಡೀ ಮನೆಗೆ ಕೇಳಿಸಿತು.

“ಬೀಗರೇ, ನಾನು ನಾಗರತ್ನಾ. ಸ್ಟೇಷನ್ನಿನಲ್ಲಿ ರೈಲಿಗೆ ಕಾಯ್ತಾ ಇದ್ದೀನಿ. ನೋಡಿದ್ರಾ ಕಂತು? ಬೆಳಿಗ್ಗೆ ನಿಮ್ಮ ಮುಖ ನೋಡಿ ಹೇಳೋಕೆ ನಾಲಿಗೆ ಬರಲಿಲ್ಲ. ಇನ್ನೊಂದು ವಿಷಯ, ಯಾರಿಗೂ ಹೇಳಬೇಡಿ. ನಾಳೆ ಕಂತಿನಲ್ಲಿ ನಾನು ಅವಳನ್ನ ಮನೆಯಿಂದ ಹೊರಗೆ ಹಾಕ್ತೀನಿ. ಅನ್ನ ಹಾಕಿದ ಬೀಗರಿಗೆ ಮೊದಲೇ ತಿಳಿಸಬೇಕು ಅನ್ನಿಸ್ತು. ಬೇಜಾರು ಮಾಡ್ಕೋಬೇಡಿ.”

ಓಣಿಯೆಲ್ಲ ಖಂಡಪ್ಪನ ಬಾಯಿ ನೋಡುತ್ತ ನಿಂತಿತು. ಖಂಡಪ್ಪ ಗಂಟಲು ಸರಿಮಾಡಿಕೊಂಡ. ಬೆಳಿಗ್ಗೆ ವೇದಿಕೆಯ ಮೇಲೆ ಹೊರಟಿದ್ದ ಅದೇ ದನಿ ಮತ್ತೆ ಹೊರಟಿತು.

“ಹಾಕ್ರಿ ಬೀಗರ. ಆದ್ರ ಬೀದಿಗೆ ಹಾಕಬ್ಯಾಡ್ರಿ. ಸುರಪುರದ ಬಸ್ಸಿಗೆ ಕೂಡಿಸಿ ಕಳಸ್ರಿ. ತಪ್ಪ ಮಾಡ್ಯಾಳೋ, ಸುಳ್ಳ ಹೇಳ್ಯಾಳೋ, ಅದನ್ನ ನಾವು ಮನ್ಯಾಗ ಕೇಳ್ತೀವಿ. ಆಕಿಗೆ ತವರಮನಿ ಅದ.”

ಫೋನಿನ ಆ ಕಡೆ ನಾಗರತ್ನಾ ಮೂಗು ಒರೆಸಿಕೊಂಡದ್ದು ಎಲ್ಲರಿಗೂ ಕೇಳಿಸಿತು. ದೇವಕಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು, “ಒಳಗಿನ ಖೋಲಿ ಸಾರಿಸಬೇಕಾತಲ್ಲ ಹಂಗಾದ್ರ,” ಎಂದಳು.

ಜನ ಕರಗಿದ ಮೇಲೆ ಖಂಡಪ್ಪ ಕಾಗದ, ಪೆನ್ನು ತೆಗೆದುಕೊಂಡು ಕುಳಿತ. ಗೈರುಹಾಜರಿ ಬಿದ್ದದ್ದು ಬಿದ್ದೇ ಇತ್ತು, ಸಂಗಮನಾಥರು ಇದಕ್ಕೂ ಸಹಿ ಹಾಕುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ನಾಳೆಯ ತಾರೀಖು ಹಾಕಿ, ಇನ್ನೂ ಒಂದು ದಿನದ ರಜೆ ಬೇಡಿ, ದುಂಡಗೆ ಬರೆದ: “ಕಾರಣ: ಮಗಳು ತವರಿಗೆ ಬರುತ್ತಿದ್ದಾಳೆ.”